ಸುತ್ತೋಲೆ ಅಕ್ಕನ ಎಪ್ಪತ್ತೆರಡು ಗಂಟೆ

ವಿಮಾನಗಳು ಹಾರಾಡುತ್ತಿದ್ದ ಕಾಲದಲ್ಲಿ ಸುತ್ತೋಲೆ ಅಕ್ಕನ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದದ್ದು ಟಿಕೆಟ್ಟು. ಕಾಯಿಲೆ ಬಂದು ಹಾರಾಟ ನಿಂತ ಮೇಲೆ ಮಾರಾಟವಾಗತೊಡಗಿದ್ದು, ಯಾಕೆ ಹಾರುವಂತಿಲ್ಲ ಎಂಬ ವಿವರಣೆ. ಎರಡನೆಯದಕ್ಕೇ ಗಿರಾಕಿ ಹೆಚ್ಚು. ಟಿಕೆಟ್ಟು ಕೊಂಡವನು ಒಮ್ಮೆ ಹೋದರೆ ವರ್ಷಗಟ್ಟಲೆ ಈ ಕಡೆ ತಲೆ ಹಾಕುವುದಿಲ್ಲ. ವಿವರಣೆ ಕೊಂಡವನು ವಾರಕ್ಕೊಮ್ಮೆ ಬರುತ್ತಾನೆ, ಯಾಕೆಂದರೆ ನಿಯಮ ವಾರಕ್ಕೊಮ್ಮೆ ಬದಲಾಗುತ್ತದೆ.

ಬೀಗದ ಕೈ ಮಾಡುವವನ ಅಂಗಡಿಗೂ ಬಾಗಿಲು ಮುಚ್ಚಿದ ಕ್ಷೌರದಂಗಡಿಗೂ ನಡುವೆ ಸಿಕ್ಕಿಕೊಂಡ ಹತ್ತಡಿ ಅಗಲದ ಜಾಗ ಅದು. ಮುಂದೆ ಒಂದು ಮೇಜು, ಎರಡು ಕುರ್ಚಿ, ಹಿಂದೆ ಪ್ರಿಂಟರು. ಮೇಜಿನ ಮೇಲೆ ಕಾಯಿಲೆ ದಾಟದಿರಲೆಂದು ಪ್ಲಾಸ್ಟಿಕ್ಕಿನ ಪರದೆ ಇಳಿಬಿಟ್ಟು, ಮಾತು ದಾಟಲಿ ಎಂದು ಅದರಲ್ಲಿ ಒಂದು ತೂತು ಕೊರೆದಿದ್ದರು. ತೂತಿನ ಅಳತೆ ತೆಗೆದದ್ದು ಅಕ್ಕ ಕುರ್ಚಿಯಲ್ಲಿ ಕೂತಾಗಿನ ಬಾಯಿಗೆ. ಗಿರಾಕಿಯ ಬಾಯಿ ಎಲ್ಲಿರುತ್ತದೆ ಎಂದು ಯಾರೂ ಯೋಚಿಸಿರಲಿಲ್ಲ. ಹೀಗಾಗಿ ಎತ್ತರದವರು ಬಾಗಿ, ಗಿಡ್ಡನೆಯವರು ಕತ್ತು ಎತ್ತಿ, ಎಲ್ಲರೂ ಒಂದಿಷ್ಟು ವಿನಯದಿಂದಲೇ ಮಾತಾಡಬೇಕಾಗಿತ್ತು. ಅಕ್ಕ ಅದನ್ನು ಸರಿಪಡಿಸುವ ಗೋಜಿಗೆ ಹೋಗಲಿಲ್ಲ.

ಬರುತ್ತಿದ್ದವರಲ್ಲಿ ಹೆಚ್ಚಿನವರು ಹೊರದೇಶದಲ್ಲಿ ಕಾಯಂ ನೆಲೆಸಲು ಆಗತಾನೆ ಒಪ್ಪಿಗೆ ಪತ್ರ ಸಿಕ್ಕವರು. ನಾಲ್ಕೋ ಐದೋ ವರ್ಷ ಫೈಲಿನ ಹಿಂದೆ ಅಲೆದು, ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ಕೊಟ್ಟು, ಪರೀಕ್ಷೆ ಬರೆದು, ಕೊನೆಗೆ ಪತ್ರ ಕೈಗೆ ಬರುವ ಹೊತ್ತಿಗೆ ಜಗತ್ತಿನ ಬಾಗಿಲು ಹಾಕಿತ್ತು. ಬನ್ನಿ ಎಂದ ದೇಶವೇ ಈಗ ಬರಬೇಡಿ ಎನ್ನುತ್ತಿತ್ತು. ಹಾಗೆಂದು ಬನ್ನಿ ಎಂದದ್ದನ್ನು ಹಿಂತೆಗೆದುಕೊಂಡೂ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಎಲ್ಲರೂ ಕೇಳಿದ್ದರು. ಇಲ್ಲಿ ವರ ಕೊಟ್ಟ ದೇವರೇ ಪೂಜಾರಿಯಾಗಿ ಬಂದು ಬಾಗಿಲಿಗೆ ಅಡ್ಡ ನಿಂತಿದ್ದ.

ಆ ದೇಶದ ಸುತ್ತೋಲೆಗಳು ಎಂಟು ಪುಟ, ಹತ್ತು ಪುಟ ಇರುತ್ತಿದ್ದವು. ಯಾರಾದರೂ ಪೂರ್ತಿ ಓದಿಯಾರು ಎಂಬ ಅನುಮಾನ ಅವನ್ನು ಬರೆದವರಿಗೂ ಇದ್ದಂತೆ ಕಾಣುತ್ತಿರಲಿಲ್ಲ. ಅಕ್ಕ ಓದುತ್ತಿದ್ದಳು. ಸ್ವಂತ ಅಂಗಡಿ ಹಾಕುವ ಮುಂಚೆ ಇಪ್ಪತ್ತೆರಡು ವರ್ಷ ಬೇರೆಯವರ ಏಜೆನ್ಸಿಯಲ್ಲಿ ಕೂತು ಟಿಕೆಟ್ಟಿನ ಷರತ್ತುಗಳನ್ನು ಓದಿದವಳು. ಸಣ್ಣಕ್ಷರ ಓದಿ ಓದಿ ಆಕೆಗೆ ದೊಡ್ಡಕ್ಷರದ ಮೇಲೆ ನಂಬಿಕೆಯೇ ಹೋಗಿತ್ತು.

ಆಕೆಯ ಕೆಲಸಕ್ಕೆ ಒಂದು ಪದ್ಧತಿ ಇತ್ತು. ವಿವರಿಸಿಯಾದ ಮೇಲೆ ಗಿರಾಕಿ ಹಾಗೇ ಎದ್ದು ಹೋಗುವಂತಿಲ್ಲ. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ, ತನಗೆ ಅನ್ವಯಿಸುವ ನಿಯಮವನ್ನು ತನ್ನ ಮಾತಿನಲ್ಲಿ ಒಪ್ಪಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಮಗಳ ಬಳಿ ಹೋಗಿ ನೆಲೆಸಲು ಒಪ್ಪಿಗೆ ಸಿಕ್ಕಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಇದರಿಂದ ತಪ್ಪಿಸಿಕೊಳ್ಳಲು ನೋಡಿದ್ದರು.

“ಅರ್ಥ ಆಯ್ತಮ್ಮ, ಎಲ್ಲಾ ಅರ್ಥ ಆಯ್ತು,” ಎನ್ನುತ್ತಾ ಎದ್ದರು.

“ಆಗಿದ್ರೆ ಒಪ್ಪಿಸಿ ಸರ್.”

“ನಾನು ಮೂವತ್ತಾರು ವರ್ಷ ಬೇರೆಯವರಿಂದ ಒಪ್ಪಿಸ್ಕೊಂಡವನು.”

“ಅದಕ್ಕೇ ನಿಮಗೆ ಅಭ್ಯಾಸ ತಪ್ಪಿರುತ್ತೆ.”

ಹೆಡ್‌ಮಾಸ್ಟರು ಕೂತು ಒಪ್ಪಿಸಿದರು. “ಟೆಸ್ಟಿನ ವರದಿ ಬಂದ ಎಪ್ಪತ್ತೆರಡು ಗಂಟೆ ಒಳಗೆ ವಿಮಾನ ಹತ್ತಬೇಕು.”

“ವರದಿ ಬಂದ ಹೊತ್ತಲ್ಲ ಸರ್. ಮೂಗಿಗೆ ಕಡ್ಡಿ ಹಾಕಿದ ಹೊತ್ತು. ಅಲ್ಲಿಂದ ವಿಮಾನ ಹೊರಡೋ ಹೊತ್ತಿಗೆ ಎಪ್ಪತ್ತೆರಡು ಗಂಟೆ ದಾಟಬಾರದು. ಇನ್ನೊಂದ್ಸಲ ಹೇಳ್ತೀನಿ, ಕೇಳಿಸ್ಕೊಳ್ಳಿ.”

ಇಂಥ ಪಾಠದ ಫಲವಾಗಿ, ಆ ವರ್ಷ ಆಕೆ ಕಳಿಸಿದ ನಲವತ್ತಮೂರು ಸಂಸಾರಗಳಲ್ಲಿ ಒಂದೂ ವಿಮಾನ ನಿಲ್ದಾಣದಿಂದ ವಾಪಸು ಬಂದಿರಲಿಲ್ಲ. ಇದನ್ನು ಆಕೆ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಹೇಳಿಕೊಳ್ಳುವ ಖಾತೆ ಯಜಮಾನರದು.

ಯಜಮಾನರು ಅಂದರೆ ಅಕ್ಕನ ಗಂಡ. ಮೂವತ್ತು ವರ್ಷ ಒಂದು ಗೋದಾಮಿನಲ್ಲಿ ಸರಕಿಗೆ ಕಾವಲಿದ್ದು ನಿವೃತ್ತರಾದವರು. ಈಗ ಪ್ರಿಂಟರಿಗೆ ಕಾವಲಿದ್ದರು. ಗೋದಾಮಿನಿಂದ ಅವರು ತಂದ ಒಂದೇ ಆಸ್ತಿ ಎಂದರೆ ಏನನ್ನೂ ಎಸೆಯಬಾರದು ಎಂಬ ತತ್ವ. ಅಧಿಕಾರಿಗಳಿಗೆ ತೋರಿಸುವ ಪ್ರತಿಗೆ ಹೊಸ ಹಾಳೆ, ಗಿರಾಕಿ ಮನೆಯಲ್ಲಿ ಓದಿಕೊಳ್ಳುವ ಪ್ರತಿಗೆ ಒಂದು ಮಗ್ಗುಲು ಬಳಸಿದ ಹಳೆಯ ಹಾಳೆ. ನಿಯಮ ವಾರಕ್ಕೊಮ್ಮೆ ಬದಲಾಗುತ್ತಿದ್ದುದರಿಂದ ರದ್ದಾದ ಸುತ್ತೋಲೆಗಳ ರಾಶಿ ಸೊಂಟದ ಎತ್ತರ ಬೆಳೆದಿತ್ತು. ಯಜಮಾನರು ಅದನ್ನು ಟ್ರೇಗೆ ಮಗುಚಿ ಹಾಕುತ್ತಿದ್ದರು. ಹಳೆಯ ಮಗ್ಗುಲನ್ನು ಯಾರೂ ಓದದಿರಲೆಂದು ಪೆನ್ಸಿಲಿನಲ್ಲಿ ಅಡ್ಡ ಗೆರೆ ಎಳೆಯುತ್ತಿದ್ದರು. ಆದರೆ ಅವರು ಪೆನ್ಸಿಲನ್ನೂ ಒತ್ತಿ ಎಳೆಯುವವರಲ್ಲ.

“ಗೆರೆ ಕಾಣೋದೇ ಇಲ್ವಲ್ರೀ,” ಎಂದು ಅಕ್ಕ ಒಮ್ಮೆ ಕೇಳಿದ್ದಳು.

“ಕಣ್ಣಿದ್ದವರಿಗೆ ಕಾಣುತ್ತೆ.”

“ಇಲ್ಲದವರಿಗೆ?”

“ಅವರು ಹೇಗೂ ಓದಲ್ಲ.”

ಅಷ್ಟಕ್ಕೂ ಗಿರಾಕಿಯ ಕೈಗೆ ಕಾಗದ ಹೋಗುವುದು ಪಾಠ ಒಪ್ಪಿಸಿಯಾದ ಮೇಲೆ. ತಲೆಯೊಳಗೆ ಸರಿಯಾದದ್ದು ಕೂತಿದ್ದರೆ ಹಾಳೆಯ ಹಿಂದೆ ಏನಿದ್ದರೇನು ಎಂದು ಅಕ್ಕನೂ ಸುಮ್ಮನಾಗಿದ್ದಳು.

ಏಳು ತಿಂಗಳಿಂದ ತಪ್ಪದೆ ಬರುತ್ತಿದ್ದ ಗಿರಾಕಿಗಳಲ್ಲಿ ಲಿಫ್ಟ್ ಮೆಕ್ಯಾನಿಕ್ಕು ಒಬ್ಬ. ಮೂವತ್ತೈದು ದಾಟಿದ ವಯಸ್ಸು, ನಿಧಾನದ ಮಾತು, ಯಾವ ಕಟ್ಟಡಕ್ಕೆ ಹೋದರೂ ಮೊದಲು ಮೇಲೆ ನೋಡುವ ಚಾಳಿ. ಹೆಂಡತಿ ಕನ್ನಡಕದಂಗಡಿಯಲ್ಲಿ ಕಣ್ಣಿನ ನಂಬರ್ ತೆಗೆಯುತ್ತಿದ್ದಳು. ಇಬ್ಬರಿಗೂ ಸೇರಿ ಒಪ್ಪಿಗೆ ಬಂದದ್ದು ಒಂದು ತಿಂಗಳ ಹದಿನಾಲ್ಕನೇ ತಾರೀಕು. ಆಮೇಲೆ ಬಂದ ಸುತ್ತೋಲೆ ಹೇಳಿತು: ಆ ತಿಂಗಳ ಹನ್ನೆರಡರವರೆಗೆ ಒಪ್ಪಿಗೆ ಸಿಕ್ಕವರು ಬರಬಹುದು, ಅದರ ನಂತರದವರು ಮುಂದಿನ ಸೂಚನೆವರೆಗೆ ಬರಕೂಡದು. ಎರಡು ದಿನ. ಆ ಎರಡು ದಿನ ಫೈಲು ಯಾವ ಗುಮಾಸ್ತನ ಮೇಜಿನ ಮೇಲೆ ಮಲಗಿತ್ತೋ ಯಾರಿಗೂ ಗೊತ್ತಿಲ್ಲ.

ಅಷ್ಟರೊಳಗೆ ಗಂಡ ಕೆಲಸ ಬಿಟ್ಟಾಗಿತ್ತು. ಬಾಡಿಗೆ ಮನೆ ಖಾಲಿ ಮಾಡಿ, ಮಂಚ, ಫ್ರಿಜ್ಜು ಮಾರಿ, ಹೆಂಡತಿಯ ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಎರಡು ಸೂಟ್‌ಕೇಸು ತೆರೆದಿಟ್ಟುಕೊಂಡು ಕೂತಿದ್ದರು. ಬಟ್ಟೆ ತೆಗೆಯುವುದು, ಒಗೆಯುವುದು, ಮತ್ತೆ ಅದರೊಳಗೇ ಇಡುವುದು. ಅಣ್ಣನ ಹೆಂಡತಿ ಮೊದಲ ತಿಂಗಳು “ಯಾವಾಗ ಹೊರಡೋದು?” ಎಂದು ಪ್ರೀತಿಯಿಂದ ಕೇಳುತ್ತಿದ್ದಳು. ಏಳನೇ ತಿಂಗಳೂ ಅದನ್ನೇ ಕೇಳುತ್ತಿದ್ದಳು.

ಇನ್ನೊಂದು ತೊಡಕಿತ್ತು. ಒಪ್ಪಿಗೆಗೆ ಆಯಸ್ಸು ಇರುತ್ತದೆ. ವೈದ್ಯಕೀಯ ತಪಾಸಣೆ ಆದ ದಿನದಿಂದ ಒಂದು ವರ್ಷದೊಳಗೆ ಆ ದೇಶದ ನೆಲಕ್ಕೆ ಕಾಲಿಡದಿದ್ದರೆ ಪತ್ರ ರದ್ದು, ಫೈಲು ಮೊದಲಿಂದ. ಅವಧಿ ಮುಂದೂಡಿ ಎಂದು ಅಕ್ಕ ಅವರ ಪರವಾಗಿ ಮೂರು ಪತ್ರ ಬರೆದಿದ್ದಳು. ಮೂರಕ್ಕೂ ಬಂದ ಉತ್ತರ ಒಂದೇ: ನಿಮ್ಮ ಪತ್ರ ತಲುಪಿದೆ.

ಕೊನೆಗೆ ಒಂದು ಬುಧವಾರ ಹೊಸ ಸುತ್ತೋಲೆ ಬಂತು. ಒಪ್ಪಿಗೆಯ ತಾರೀಕು ಯಾವುದೇ ಇರಲಿ, ಅವಧಿ ಮುಗಿಯದಿದ್ದರೆ ಬರಬಹುದು. ಎಪ್ಪತ್ತೆರಡು ಗಂಟೆಯ ಟೆಸ್ಟು ಬೇಕು, ಇಳಿದ ಮೇಲೆ ಹದಿನಾಲ್ಕು ದಿನ ಒಂದೆಡೆ ಕೂತಿರಲು ಜಾಗ ಬೇಕು. ದಂಪತಿಯ ಅವಧಿ ಮುಗಿಯುವುದು ಮುಂದಿನ ಗುರುವಾರಕ್ಕೆ. ಆ ಕಡೆಗೆ ವಿಮಾನ ಇದ್ದದ್ದು ವಾರಕ್ಕೊಂದು, ಮಂಗಳವಾರ ಮಧ್ಯಾಹ್ನ ಮೂರಕ್ಕೆ ಹೊರಟು ಬುಧವಾರ ಇಳಿಯುವುದು. ಹಾಗಾಗಿ ಅವರ ಪಾಲಿಗೆ ಜಗತ್ತಿನಲ್ಲಿ ಉಳಿದಿದ್ದದ್ದು ಒಂದೇ ವಿಮಾನ. ಅಕ್ಕ ಅದೇ ದಿನ ಎರಡು ಸೀಟು ಹಿಡಿದಳು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಮನೆಗೇ ಬಂದು ಮೂಗಿನ ಮಾದರಿ ತೆಗೆದುಕೊಂಡು ಹೋಗಲು ಲ್ಯಾಬಿಗೆ ಹೇಳಿದಳು. ನಾಳೆ ಅಂಗಡಿಗೆ ಬಂದು ಪಾಠ ಕೇಳಿಕೊಂಡು ಹೋಗು ಎಂದು ಮೆಕ್ಯಾನಿಕ್ಕಿಗೆ ಫೋನು ಮಾಡಿದಳು.

ಗುರುವಾರ ಬೆಳಿಗ್ಗೆ ಅಕ್ಕನ ದವಡೆ ಹಲ್ಲು ಕೀಳಬೇಕಾಯಿತು.

ಮೆಕ್ಯಾನಿಕ್ಕು ಬಂದಾಗ ಆಕೆ ಬಾಯಿ ತುಂಬ ಹತ್ತಿ ಕಚ್ಚಿಕೊಂಡು, ಕೆನ್ನೆಗೆ ಕೈ ಕೊಟ್ಟು ಕೂತಿದ್ದಳು. ಒಂದು ಗಂಟೆ ಬಾಯಿ ತೆರೆಯಕೂಡದೆಂದು ಹಲ್ಲಿನ ಡಾಕ್ಟರು ಹೇಳಿದ್ದರು. ಬೀದಿಯವರ ಪ್ರಕಾರ ಆಕೆ ಮದುವೆಯಾದ ಮೇಲೆ ಒಂದು ಗಂಟೆ ಸುಮ್ಮನಿದ್ದದ್ದು ಅದೇ ಮೊದಲು. ಯಜಮಾನರು ಪ್ರಿಂಟು ತೆಗೆದು ತೂತಿನಿಂದ ದಾಟಿಸಿದರು.

“ಎಲ್ಲಾ ಇದರಲ್ಲಿದೆಯಪ್ಪ. ಮನೇಲಿ ನಿಧಾನಕ್ಕೆ ಓದ್ಕೋ.”

“ಒಪ್ಪಿಸೋದು ಬೇಡ್ವಾ?”

ಯಜಮಾನರು ಹೆಂಡತಿಯ ಕಡೆ ನೋಡಿದರು. ಅಕ್ಕ ಹೆಬ್ಬೆರಳು ಎತ್ತಿ ತೋರಿಸಿದಳು. ಏಳು ತಿಂಗಳು ಪಾಠ ಕೇಳಿದವನು, ಇವನಿಗೆ ಹೊಸದಾಗಿ ಏನು ಹೇಳುವುದು ಎಂಬುದು ಆಕೆಯ ಅಭಿಪ್ರಾಯವಾಗಿತ್ತು. ಮೆಕ್ಯಾನಿಕ್ಕು ಹಲ್ಲಿಗೆ ಲವಂಗದ ಎಣ್ಣೆ ಒಳ್ಳೆಯದೆಂದು ಹೇಳಿ ಹೋದ.

ಆತ ಮನೆಯಲ್ಲಿ ನಿಧಾನಕ್ಕೇ ಓದಿದ. ಎರಡೂ ಮಗ್ಗುಲು ಓದಿದ. ಅದು ಅವನ ವೃತ್ತಿ ಕಲಿಸಿದ್ದು. ಲಿಫ್ಟಿನ ತಪಾಸಣೆ ಕಾರ್ಡಿನಲ್ಲಿ ಏನು ಮಾಡಬೇಕು ಎಂಬುದು ಮುಂದೆ ಇರುತ್ತದೆ, ಯಾವಾಗ ಮಾಡಬಾರದು ಎಂಬುದು ಹಿಂದೆ. ಹಿಂಬದಿ ಓದದೆ ಗುಂಡಿ ಒತ್ತಿದ ಇಬ್ಬರು ಮೆಕ್ಯಾನಿಕ್ಕುಗಳು ಅವನಿಗೆ ಗೊತ್ತಿದ್ದರು. ಒಬ್ಬನಿಗೆ ಈಗ ಎಂಟು ಬೆರಳು.

ಹಾಳೆಯ ಮುಂಬದಿ ಹೇಳಿತು: ಬರಬಹುದು. ಹಿಂಬದಿ ಹೇಳಿತು: ಹನ್ನೆರಡರ ನಂತರ ಒಪ್ಪಿಗೆ ಸಿಕ್ಕವರು ಬರಕೂಡದು. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಏಳು ತಿಂಗಳು ಕೇಳಿದ ಮಾತೇ, ಈ ಸಲ ಪುಟ ತಿರುಗಿಸಿದ ಮೇಲೆ ಬಂತು, ಅಷ್ಟೇ.

“ಅಕ್ಕನ್ನ ಒಂದು ಮಾತು ಕೇಳಿ,” ಎಂದಳು ಹೆಂಡತಿ.

“ಬರೆದೇ ಕೊಟ್ಟಿದಾರಲ್ಲ. ಪಾಪ, ಅವರಿಗೆ ಹಲ್ಲು ನೋವು.”

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ, ಇವನು ಪೂರ್ತಿ ಕಣ್ಣು ಬಿಟ್ಟುಕೊಂಡೇ ಆ ಕೆಲಸ ಮಾಡಿದ. ಶುಕ್ರವಾರ ವಿಮಾನ ಕಂಪನಿಗೆ ಫೋನು ಮಾಡಿ ಎರಡೂ ಸೀಟು ಬಿಟ್ಟುಕೊಟ್ಟ. ಲ್ಯಾಬಿನವರಿಗೂ ಬರಬೇಡಿ ಎಂದ.

ಭಾನುವಾರ ಒಂಬತ್ತೂಕಾಲಿಗೆ ಅಕ್ಕ ಫೋನು ಮಾಡಿದಳು. ಆಕೆಯ ಬಾಯಿ ಈಗ ಮೊದಲಿನಂತಾಗಿತ್ತು.

“ಲ್ಯಾಬಿನವರು ಬಂದು ಹೋದ್ರಾ ತಮ್ಮ?”

“ಬೇಡ ಅಂದ್ಬಿಟ್ಟೆ ಅಕ್ಕ.”

“ಯಾಕೆ?”

“ಹೋಗೋದೇ ಇಲ್ವಲ್ಲ, ಮೂಗು ಯಾಕೆ ಕೊಡೋದು?”

“ಹೋಗೋದಿಲ್ಲ ಅಂತ ಯಾರು ಹೇಳಿದ್ರು?”

“ನೀವು ಕೊಟ್ಟ ಕಾಗದಾನೇ ಹೇಳ್ತಲ್ಲ. ಮುಂದೆ ಬರಬಹುದು ಅಂತಿದೆ, ಹಿಂದೆ ಹನ್ನೆರಡರ ಆಮೇಲಿನವರು ಬರೋ ಹಾಗಿಲ್ಲ ಅಂತಿದೆ. ನಮ್ಮದು ಹದಿನಾಲ್ಕು.”

“ಸೀಟು?”

“ಶುಕ್ರವಾರಾನೇ ಬಿಟ್ಟುಕೊಟ್ಟೆ. ಬೇರೆ ಯಾರಿಗಾದ್ರೂ ಅನುಕೂಲ ಆಗ್ಲಿ ಅಂತ.”

“ಹಿಂಬದಿಯ ಮೇಲ್ಗಡೆ ತಾರೀಕು ಏನಿದೆ, ಓದು,” ಎಂದಳು ಅಕ್ಕ.

ಓದಿದ. ಏಳು ತಿಂಗಳ ಹಿಂದಿನದು.

“ಅಯ್ಯೋ, ನಾನು ತಾರೀಕು ನೋಡಬೇಕಿತ್ತು ಅಕ್ಕ. ನನ್ನ ಬುದ್ಧಿಗಿಷ್ಟು...”

“ಅದೆಲ್ಲ ಆಮೇಲೆ. ಇಬ್ಬರೂ ಚಪ್ಪಲಿ ಹಾಕ್ಕೊಂಡು ದೊಡ್ಡಾಸ್ಪತ್ರೆ ಲ್ಯಾಬಿಗೆ ಬನ್ನಿ. ಭಾನುವಾರ ಈ ಹೊತ್ತಲ್ಲಿ ಅದೊಂದೇ ತೆಗೆದಿರೋದು.”

ಯಜಮಾನರು ಹಿಂದಿನಿಂದ ಕೇಳಿದರು, “ಏನಾಯ್ತು?”

“ಒಂದು ಹಾಳೆ ಉಳೀತು,” ಎಂದು ಅಕ್ಕ ಚೀಲ ಹೆಗಲಿಗೆ ಹಾಕಿಕೊಂಡಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವರು ಯಜಮಾನರೇ. ಹಾಳೆಗೆ ಹೋದ ಮಾನದ ಬಗ್ಗೆ ಗಾದೆ ಇರಲಿಲ್ಲ. ಅವರು ಪ್ರಿಂಟರಿನ ಟ್ರೇ ಎಳೆದು, ಒಳಗಿದ್ದುದನ್ನು ಒಂದೊಂದೇ ಮಗುಚಿ ನೋಡುತ್ತಾ ಕೂತರು.

ಆಸ್ಪತ್ರೆಯ ಲ್ಯಾಬಿನ ಮುಂದೆ ಆರಡಿಗೊಂದು ವೃತ್ತ ಬರೆದು, ವೃತ್ತಕ್ಕೊಬ್ಬರಂತೆ ಜನ ನಿಂತಿದ್ದರು. ಮೆಕ್ಯಾನಿಕ್ಕು ಒಂದು ವೃತ್ತದಲ್ಲಿ, ಹೆಂಡತಿ ಅದರ ಹಿಂದಿನದರಲ್ಲಿ. ಆರಡಿ ದೂರದಿಂದ ಬೈದರೆ ಮಿಕ್ಕ ವೃತ್ತದವರಿಗೂ ಕೇಳುತ್ತದೆ ಎಂಬುದು ಆಕೆಗೆ ಅಡ್ಡಿಯಾಗಲಿಲ್ಲ.

“ನಾನು ದಿನಕ್ಕೆ ನಲವತ್ತು ಜನಕ್ಕೆ ಕಣ್ಣಿನ ನಂಬರ್ ತೆಗೀತೀನಿ. ಕಟ್ಟಿಕೊಂಡ ಗಂಡನಿಗೆ ತಾರೀಕು ಕಾಣಲ್ಲ.”

“ನೋಡಬೇಕಿತ್ತು ಕಣೇ.”

“ಸೀಟು ಬಿಟ್ಟುಕೊಡೋ ಧರ್ಮರಾಯ. ಯಾರೂ ಕೇಳದೆ ಇದ್ರೂ ಫೋನ್ ಮಾಡಿ ಬಿಟ್ಟುಕೊಡ್ತಾರೆ.”

ಅವನ ಮುಂದಿನ ವೃತ್ತದಲ್ಲಿದ್ದ ಮುದುಕರೊಬ್ಬರು ತಿರುಗಿ, “ಎಷ್ಟು ವರ್ಷ ಆಯ್ತಪ್ಪ ಮದುವೆಯಾಗಿ?” ಎಂದು ಕೇಳಿದರು. ಒಂಬತ್ತು ಎಂದ. ಅವರು ತಲೆಯಾಡಿಸಿ ಮುಂದಕ್ಕೆ ತಿರುಗಿಕೊಂಡರು.

ಅಕ್ಕ ಇದನ್ನೆಲ್ಲ ಪಕ್ಕದ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡಳು. ತಪ್ಪು ತನ್ನ ಅಂಗಡಿಯದು, ಹೇಳಬೇಕಾದ ಮಾತು ಒಂದೇ ವಾಕ್ಯ. ಆದರೆ ವ್ಯಾಪಾರ ಮಾಡಿದವಳಿಗೆ ಒಂದು ವಿಷಯ ಗೊತ್ತಿರುತ್ತದೆ: ತಪ್ಪು ತನ್ನದು ಎಂದುಕೊಂಡವನು ಹೇಳಿದ ಕಡೆ ಓಡುತ್ತಾನೆ, ತಪ್ಪು ನಿನ್ನದು ಎಂದು ಗೊತ್ತಾದವನು ಕೂತು ಮಾತಾಡುತ್ತಾನೆ. ಈಗ ಕೂರುವಷ್ಟು ಹೊತ್ತಿರಲಿಲ್ಲ. ಆ ವಾಕ್ಯವನ್ನು ಆಕೆ ಮಂಗಳವಾರಕ್ಕೆ ಮುಂದೂಡಿದಳು. ಅದು ಆಕೆಗೆ ಹಿತವಾಗಿತ್ತು ಎಂದೇನಲ್ಲ. ಕಿತ್ತ ಹಲ್ಲಿನ ಜಾಗಕ್ಕೆ ನಾಲಿಗೆ ಹೋದಂತೆ ಮನಸ್ಸು ಪದೇ ಪದೇ ಅಲ್ಲಿಗೇ ಹೋಗುತ್ತಿತ್ತು.

ಹನ್ನೊಂದಕ್ಕೆ ಇಬ್ಬರೂ ಮೂಗು ಕೊಟ್ಟರು. ಅಕ್ಕ ಕಟ್ಟೆಯಿಂದಲೇ ವಿಮಾನ ಕಂಪನಿಯ ಟಿಕೆಟ್ ಕೌಂಟರಿನವಳಿಗೆ ಫೋನು ಹಚ್ಚಿದಳು. ಹಳೆಯ ಏಜೆನ್ಸಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು, ಸಲುಗೆ ಇತ್ತು.

“ಒಂದು ಸೀಟು ಹೋಯ್ತು ಕಣೇ. ಇನ್ನೊಂದಿದೆ, ಬೇಕಾದ್ರೆ ಈಗಲೇ ಹೇಳು.”

“ಆ ಒಂದನ್ನ ಗಂಡನ ಹೆಸರಿಗೆ ಹಾಕು. ಇನ್ನೊಂದು ಬೇಕೇ ಬೇಕು.”

“ಕಾಯೋರ ಪಟ್ಟೀಲಿ ಹಾಕ್ತೀನಿ. ನಿನ್ನ ಅದೃಷ್ಟಕ್ಕೆ ಪಟ್ಟೀಲಿ ಇನ್ನೂ ಯಾರೂ ಇಲ್ಲ. ವಿಮಾನ ತುಂಬಿದೆ ಅಂತಲೇ ಯಾರಿಗೂ ಗೊತ್ತಿಲ್ಲ.”

ಒಂದೇ ಸೀಟು ಎಂದಾಗ ಹೆಂಡತಿ ಬೈಯುವುದನ್ನು ನಿಲ್ಲಿಸಿದಳು. ಗಂಡನೊಬ್ಬನೇ ಹೋದರೆ ಗುರುವಾರಕ್ಕೆ ಆಕೆಯ ಒಪ್ಪಿಗೆ ಸಾಯುತ್ತದೆ. ಅವನು ಅಲ್ಲಿಂದ ಹೊಸದಾಗಿ ಅರ್ಜಿ ಹಾಕಿ ಕರೆಸಿಕೊಳ್ಳಬೇಕು. ಒಳ್ಳೆಯ ಕಾಲದಲ್ಲೇ ಅದಕ್ಕೆ ಎರಡು ವರ್ಷ.

“ಇವರು ಹೋಗ್ಲಿ ಅಕ್ಕ. ಒಬ್ಬರದ್ದಾದ್ರೂ ಉಳೀಲಿ.”

“ನಾನೊಬ್ಬನೇ ಹೋಗಲ್ಲ,” ಎಂದ ಮೆಕ್ಯಾನಿಕ್ಕು.

“ಇನ್ನೊಂದ್ಸಲ ಬಿಟ್ಟುಕೊಡ್ತೀರಾ ಸೀಟನ್ನ?”

ಅಕ್ಕ ಎದ್ದು ಸೆರಗು ಕೊಡವಿಕೊಂಡಳು. “ಮಂಗಳವಾರ ಇಬ್ಬರೂ ಪೂರ್ತಿ ಸಾಮಾನು ತಗೊಂಡು ಬನ್ನಿ. ಪ್ರತಿ ವಾರ ಆ ವಿಮಾನದಿಂದ ಮೂರೋ ನಾಲ್ಕೋ ಜನ ವಾಪಸ್ ಬರ್ತಾರೆ.”

“ಯಾಕೆ?”

“ನನ್ನ ಹತ್ರ ಪಾಠ ಕೇಳಿರಲ್ಲ.”

ಸೋಮವಾರ ಸಂಜೆ ವರದಿ ಬಂತು. ಇಬ್ಬರಿಗೂ ಕಾಯಿಲೆ ಇರಲಿಲ್ಲ. ಯಜಮಾನರು ಹದಿನಾಲ್ಕು ಕಾಗದಗಳ ಎರಡು ಸೆಟ್ಟುಗಳನ್ನು ಹೊಸ ಹಾಳೆಯಲ್ಲಿ, ಒಂದೇ ಮಗ್ಗುಲಿಗೆ ತೆಗೆದುಕೊಟ್ಟರು. ಬಿಳಿ ಮಗ್ಗುಲುಗಳನ್ನು ನೋಡುವಾಗ ಅವರಿಗೆ ಸಂಕಟವಾಗುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು.

ಮಂಗಳವಾರ ಹನ್ನೊಂದಕ್ಕೆಲ್ಲ ವಿಮಾನ ನಿಲ್ದಾಣದ ಹೊರಗೋಡೆಯ ಟಿಕೆಟ್ ಕಿಟಕಿಯ ಪಕ್ಕ ಮೂವರೂ ಹಾಜರು. ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿರಲಿಲ್ಲ. ಇದ್ದವನು ಒಳಗೆ ಹೋಗಲು ಒಪ್ಪಲಿಲ್ಲ. ಎರಡು ಗಂಟೆಗೆ ಕಿಟಕಿ ಮುಚ್ಚುತ್ತಾರೆ, ಅಲ್ಲಿಯವರೆಗೆ ಕಾಯುತ್ತೇನೆ ಎಂದು ಸೂಟ್‌ಕೇಸಿನ ಮೇಲೆ ಕೂತ.

ಒಳಗೆ ಹೋಗುವ ಸಾಲಿನಲ್ಲಿ ದಪ್ಪ ಮೀಸೆಯ ಆಸಾಮಿಯೊಬ್ಬ ತನ್ನ ಟೆಸ್ಟಿನ ವರದಿಯನ್ನು ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಿದ್ದ. ಗಾಳಿಯ ಒಂದು ಬೀಸಿಗೂ ಇನ್ನೊಂದಕ್ಕೂ ನಡುವೆ ಅಕ್ಕ ಓದಿಬಿಟ್ಟಳು: ಮಾದರಿ ತೆಗೆದದ್ದು ಶನಿವಾರ ಮಧ್ಯಾಹ್ನ ಒಂದು ಗಂಟೆ. ಮಂಗಳವಾರ ಮೂರಕ್ಕೆ ಅದು ಎಪ್ಪತ್ತನಾಲ್ಕು. ಆಕೆ ಅವನಿಗೆ ಏನೂ ಹೇಳಲಿಲ್ಲ. ಹೇಳಿದರೂ ಕೊಟ್ಟ ಮೂಗಿನ ವಯಸ್ಸು ಕಡಿಮೆಯಾಗುವುದಿಲ್ಲ. ತನ್ನವರಿಗೂ ಹೇಳಲಿಲ್ಲ. ಒಬ್ಬರ ಎಡವಟ್ಟನ್ನು ಕಾಯುತ್ತಾ ಕೂರುವುದನ್ನು ಮೂರು ಜನ ಮಾಡಬೇಕಾಗಿರಲಿಲ್ಲ.

ಹನ್ನೆರಡಾಯಿತು. ಒಂದಾಯಿತು. ಹೆಂಡತಿ ಗಂಡನ ಕೈಚೀಲದಿಂದ ತನ್ನ ಕಾಗದಗಳನ್ನು ಬೇರೆ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಅವನು ಅದನ್ನು ಕಂಡೂ ಕಾಣದವನಂತೆ ಮೇಲಿನ ಚಾವಣಿ ನೋಡಿದ.

ಒಂದೂ ಮೂವತ್ತೈದಕ್ಕೆ ಮೀಸೆಯವನು ಗಾಡಿ ತಳ್ಳಿಕೊಂಡು ಹೊರಗೆ ಬಂದ. “ಎರಡು ಗಂಟೆ ಜಾಸ್ತಿ ಆಯ್ತಂತೆ. ವರದಿ ಬಂದಿದ್ದೇ ಭಾನುವಾರ, ನಾನು ಅಲ್ಲಿಂದ ಎಣಿಸಿದ್ದೆ,” ಎಂದು ಯಾರಿಗೆಂದಿಲ್ಲದೆ ಹೇಳಿದ.

ಅಕ್ಕ ಕಿಟಕಿಯ ಕಡೆ ಹೋಗುವ ಮುಂಚೆ ಅವನ ಕಡೆ ಹೋದಳು. “ನಿಮ್ಮ ಒಪ್ಪಿಗೆ ಎಲ್ಲೀವರೆಗೆ ಇದೆ ಸ್ವಾಮಿ?”

“ಇನ್ನೂ ಎರಡು ತಿಂಗಳಿದೆ.”

ಅಕ್ಕ ಉಸಿರು ಬಿಟ್ಟಳು. ಅಂಗಡಿಯ ವಿಳಾಸ ಬರೆದು ಅವನ ಕೈಗಿತ್ತು, ನಾಳೆ ಬನ್ನಿ ಎಂದಳು.

ಕೌಂಟರಿನವಳು ಎರಡನೇ ಟಿಕೆಟ್ಟು ಕಿಟಕಿಯಿಂದ ಹೊರಗೆ ಹಾಕಿದಾಗ ಒಂದೂ ಐವತ್ತು. ಮೆಕ್ಯಾನಿಕ್ಕು ಸೂಟ್‌ಕೇಸು ಎತ್ತಿದ. ಅಕ್ಕ ಅದರ ಹಿಡಿ ಹಿಡಿದು ನಿಲ್ಲಿಸಿದಳು.

“ಒಂದು ಮಾತು. ತಪ್ಪು ನಿನ್ನದಲ್ಲ. ನಮ್ಮ ಮನೆಯವರು ರದ್ದಾದ ಹಾಳೆ ಹಿಂದೆ ಪ್ರಿಂಟ್ ತೆಗೀತಾರೆ. ನನಗೆ ಗೊತ್ತಿತ್ತು. ಭಾನುವಾರಾನೇ ಹೇಳಬೇಕಿತ್ತು, ಹೇಳಲಿಲ್ಲ.”

“ನನಗೂ ಭಾನುವಾರಾನೇ ಗೊತ್ತಾಯ್ತು ಅಕ್ಕ,” ಎಂದಳು ಹೆಂಡತಿ. “ಲ್ಯಾಬಿನ ಹತ್ರ ಬಿಸಿಲಿಗೆ ಹಿಡಿದು ನೋಡ್ದೆ. ಪೆನ್ಸಿಲ್ ಗೆರೆ ಇತ್ತು.”

“ಮತ್ತೆ ಸಾಲಲ್ಲಿ ಇವನನ್ನ ಅಷ್ಟೊಂದು ಯಾಕೆ ಬೈದೆ?”

“ಬೈದ್ರೆ ಬೇಗ ನಡೀತಾರೆ.”

ಈ ಹೆಣ್ಣುಮಗಳು ಯಾವ ದೇಶದಲ್ಲಾದರೂ ಬದುಕಿಕೊಳ್ಳುತ್ತಾಳೆ ಎಂದು ಅಕ್ಕನಿಗೆ ಅನಿಸಿತು. ಮೆಕ್ಯಾನಿಕ್ಕು ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ.

“ಹಾಗಾದ್ರೆ ತಪ್ಪು ನಂದಲ್ವಾ?”

“ಒಂಚೂರೂ ಅಲ್ಲ.”

“ಮೊದಲೇ ಹೇಳಿದ್ರೆ ಭಾನುವಾರ ಊಟ ಮಾಡ್ತಿದ್ದೆ,” ಎಂದು ಒಳಗೆ ಹೋದ.

ಬುಧವಾರ ಸಂಜೆ ಅಂಗಡಿಗೆ ಫೋನು ಬಂತು. ಹೆಂಡತಿಯ ದನಿ. ಇಳಿದರಂತೆ. ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಒಪ್ಪಿಗೆ ಪತ್ರ ನೋಡಿ, ಗೋಡೆಯ ಕ್ಯಾಲೆಂಡರು ನೋಡಿ, ನಾಳೆವರೆಗೆ ಇದೆ ಎಂದು ಮುದ್ರೆ ಒತ್ತಿದನಂತೆ. ಮಿಕ್ಕ ಹದಿಮೂರು ಕಾಗದಗಳನ್ನು ಕೇಳಲೇ ಇಲ್ಲವಂತೆ. ಇದನ್ನು ಕೇಳಿ ಅಕ್ಕನಿಗೆ ಸ್ವಲ್ಪ ಬೇಸರವಾಯಿತು. ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ ಯಜಮಾನರಿಗೆ ಅದಕ್ಕಿಂತ ಹೆಚ್ಚು.

“ಏಳನೇ ಮಹಡೀಲಿ ಒಂದು ರೂಮ್ ಕೊಟ್ಟಿದಾರೆ ಅಕ್ಕ. ಹದಿನಾಲ್ಕು ದಿನ ಬಾಗಿಲು ತೆಗೆಯೋ ಹಾಗಿಲ್ಲ. ಇಲ್ಲಿ ಲಿಫ್ಟ್ ಹತ್ತುವಾಗ ಏನೋ ಶಬ್ದ ಬರುತ್ತಂತೆ. ಇವರು ಬಾಗಿಲಿಗೆ ಕಿವಿ ಕೊಟ್ಟು ಕೂತಿದಾರೆ.”

“ಕೂತಿರ್ಲಿ ಬಿಡು. ಹೊರಗೆ ಮಾತ್ರ ಕಳಿಸಬೇಡ.”

“ಒಂದು ಕೇಳೋದಿತ್ತು. ಈ ಹದಿನಾಲ್ಕು ದಿನ, ಇವತ್ತಿನಿಂದ ಎಣಿಸೋದಾ, ನಾಳೆಯಿಂದಾನಾ?”

ಅಕ್ಕ ಗೋಡೆಯ ಕ್ಲಿಪ್ಪಿನಿಂದ ಸುತ್ತೋಲೆ ತೆಗೆದು, ಒಂಬತ್ತನೇ ಪುಟದ ಕೆಳಗಿನ ಸಣ್ಣಕ್ಷರದ ಮೇಲೆ ಬೆರಳಿಟ್ಟಳು.

“ನಾಳೆಯಿಂದ ತಾಯಿ. ಇಳಿದ ದಿನ ಲೆಕ್ಕಕ್ಕಿಲ್ಲ.”



“ಅಷ್ಟು ಓಡಾಡಿದ್ದು ಈ ದಿನಕ್ಕೇ ಅಲ್ವಾ ಅಕ್ಕ. ಇದು ಲೆಕ್ಕಕ್ಕೇ ಇಲ್ವಾ?”

“ಇಲ್ಲ,” ಎಂದಳು ಅಕ್ಕ. “ಇವತ್ತು ಸುಮ್ಮನೆ ಮಲಗಿ.”